ಬೀಸದೆ ಬಿಟ್ಟ ಕುರ್ಚಿ

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ಒಂದು ಸಲ ಕೈ ಬೀಸಿ ಆಮೇಲೆ ಒಳಗೆ ಕಾಲಿಡಬೇಕು. ಇಲ್ಲದಿದ್ದರೆ ಕಾಣಿಸುತ್ತಿರುವುದು ಈಗಿನದೋ ಬೆಳಗಿನದೋ ಹೇಳಲು ಬರುವುದಿಲ್ಲ. ಒಂದು ಜಾಗದಲ್ಲಿ ಏನೂ ಅಲುಗದೆ ಸ್ವಲ್ಪ ಹೊತ್ತು ಕಳೆದರೆ ಆ ಜಾಗ ತನ್ನ ಕೊನೆಯ ನೋಟವನ್ನೇ ಹಿಡಿದು ನಿಂತುಬಿಡುತ್ತದೆ. ಮತ್ತೆ ಏನಾದರೂ ಅಲುಗಿದಾಗ, ಅಲುಗಿದಷ್ಟೇ ಜಾಗ ಒಮ್ಮೆ ಮಿಣುಕಿ ಹೊಸದಾಗುತ್ತದೆ. ಹೀಗೆ ಉಳಿಯುವ ಬೆಳಕಿನಿಂದಲೇ ನಮ್ಮ ಹಗಲು ಸಂಜೆಯವರೆಗೆ ಬರುವುದು.

ಚೌಕದಲ್ಲಿ ಬೆಳಕಿನ ಕಚೇರಿಯ ಮುಂದೆ ಎರಡಾಳೆತ್ತರದ ಗಾಜಿನ ಕೊಳವೆ ಇದೆ. ಆ ದಿನದ ಬೆಳಕು ಇನ್ನೆಷ್ಟು ಉಳಿದಿದೆ ಎಂಬುದು ಅದರಲ್ಲಿ ಕಾಣುತ್ತದೆ. ಮದುವೆಯೋ ಮೆರವಣಿಗೆಯೋ ಇದ್ದ ದಿನ ಮೂರು ಗಂಟೆಗೇ ದೀಪ ಹಚ್ಚಬೇಕು. ಪರೀಕ್ಷೆಯ ವಾರಗಳಲ್ಲಿ ದೊಡ್ಡವರೆಲ್ಲ ಊಟ ಮುಗಿಸಿ ಗೋಡೆಗೊರಗಿ ಅಲುಗದೆ ಕೂತಿರುತ್ತಾರೆ, ಮಕ್ಕಳು ಆರೂವರೆಯವರೆಗೆ ಹಗಲಿನಲ್ಲೇ ಓದಿಕೊಳ್ಳಲಿ ಎಂದು. ಸೊಳ್ಳೆ ಕಚ್ಚಿದರೂ ಹೊಡೆಯುವುದಿಲ್ಲ. ಯಾರೂ ಇದನ್ನು ಉಪಕಾರವೆಂದು ಹೇಳಿಕೊಂಡದ್ದನ್ನು ನಾನು ಕೇಳಿಲ್ಲ.

ನನ್ನ ಹೆಸರು ವನಮಾಲಾ. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಇಪ್ಪತ್ತೆಂಟು ವರ್ಷ ಹೈಸ್ಕೂಲು ಹುಡುಗಿಯರಿಗೆ ಎಲೆ, ಬೇರು, ಹೂವಿನ ಕೇಸರ ತೋರಿಸಿ ನಿವೃತ್ತಳಾದೆ. ಹನ್ನೊಂದು ವರ್ಷದಿಂದ ನಮ್ಮ ಬೀದಿಯ ಬೀಸಣಿಗೆ ನನ್ನ ಕೈಯಲ್ಲಿದೆ. ವಯಸ್ಸಾದವರು, ಕಾಯಿಲೆಯವರು ಇರುವ ಮನೆಗಳಿಗೆ ದಿನಕ್ಕೆ ಮೂರು ಸಲ ಹೋಗಿ ಒಂದೊಂದು ಕುರ್ಚಿ, ಒಂದೊಂದು ಮಂಚದ ಮುಂದೆ ಬೀಸಿ ನೋಡುವುದು ನನ್ನ ಕೆಲಸ. ಪಕ್ಕದ ಬೀದಿಯಲ್ಲಿ ಹಿಂದೊಮ್ಮೆ ಒಬ್ಬ ಅಜ್ಜ ಜ್ವರ ಏರಿ ಮೈಮರೆತಿದ್ದರೂ ಅರ್ಧ ದಿನ ನಗುಮುಖದಲ್ಲೇ ಕಾಣಿಸಿದ್ದರು. ಅಂದಿನಿಂದ ಒಂದು ನಿಯಮ: ಯಾವ ಕುರ್ಚಿಯನ್ನೂ ಬೀಸದೆ ಬಿಡಬಾರದು.

ಹೋದ ವರ್ಷ ಬೆಳಕಿನ ಕಚೇರಿಯ ಕಂಪ್ಯೂಟರ್ ರಿಪೇರಿಗೆ ಹೊರಗಿನ ಊರಿನಿಂದ ಒಬ್ಬರು ಬಂದಿದ್ದರು. ಮರಿಸ್ವಾಮಿಯ ಹೋಟೆಲಿನಲ್ಲಿ ತಮ್ಮ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ದೋಸೆ ತಿನ್ನುತ್ತಿದ್ದರು. ಪರದೆಯ ಮೂಲೆಯ ಗಡಿಯಾರ ಹನ್ನೊಂದು ಇಪ್ಪತ್ತರಲ್ಲೇ ನಿಂತಿತ್ತು. ಅವರು ಒಂದು ಗುಂಡಿ ಒತ್ತಿದ ಕೂಡಲೇ ಹನ್ನೊಂದು ನಲವತ್ತಾಯಿತು. "ಇದೂ ನಿಮ್ಮೂರಿನ ಹಾಗೇ. ಚಿತ್ರ ಬದಲಾಗದೆ ಇದ್ರೆ ಚಿತ್ರ ಕಳಿಸೋ ಚಿಪ್ ಮಲಗಿಬಿಡತ್ತೆ, ಪರದೆ ತನ್ನ ನೆನಪಲ್ಲಿರೋದನ್ನೇ ತೋರಿಸ್ತಾ ಕೂರತ್ತೆ. ಬ್ಯಾಟರಿ ಉಳಿಯತ್ತೆ. ಒಂದೊಂದು ಸಲ ಏಳೋದು ಮರೆತುಬಿಡತ್ತೆ, ಅಷ್ಟೆ," ಎಂದರು. ಗ್ರಾಫಿಕ್ಸ್ ಡ್ರೈವರಿನ ಸೆಟ್ಟಿಂಗಿನಲ್ಲಿ ಒಂದು ಗುರುತು ತೆಗೆದರೆ ಅದು ನಿಲ್ಲುತ್ತದಂತೆ. "ನಿಮ್ಮೂರಿಗೆ ಅಂಥದ್ದು ಇಲ್ವಾ?" ಎಂದು ಕೇಳಿದರು. ಮರಿಸ್ವಾಮಿ ಚಟ್ನಿ ಬಡಿಸುತ್ತಾ, "ತೆಗೆದುಬಿಟ್ರೆ ಮಧ್ಯಾಹ್ನಕ್ಕೇ ಕತ್ತಲೆ ಆಗತ್ತೆ ಸ್ವಾಮಿ. ಆಮೇಲೆ ನನ್ನ ಸಂಜೆ ಬಜ್ಜಿ ನೀವು ತಿಂತೀರಾ?" ಎಂದ. ಆ ಮಾತು ಅಲ್ಲಿಗೇ ಮುಗಿಯಿತು.

ಈಗ ಚಂದ್ರಮೌಳಿಯವರ ವಿಷಯ. ನನ್ನ ಮನೆಯಿಂದ ಮೂರನೆಯದು ಅವರ ಮನೆ. ಕಚೇರಿಯಲ್ಲಿ ಮೂವತ್ತು ವರ್ಷ ಕೊಳವೆಯ ಮಟ್ಟ ಬರೆದುಕೊಳ್ಳುವ ಗುಮಾಸ್ತರಾಗಿದ್ದರು. ಯಾವ ಅಲುಗಾಟಕ್ಕೆ ಎಷ್ಟು ಬೆಳಕು ಹೋಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಬೀದಿಯಲ್ಲಿ ಯಾರಾದರೂ ಸುಮ್ಮನೆ ಓಡಿದರೆ ಕಿಟಕಿಯಿಂದಲೇ, "ಬೆಳಕೇನು ನಿಮ್ಮಪ್ಪನ ಮನೇದಾ?" ಎಂದು ಕೂಗುತ್ತಿದ್ದರು. ಕಚೇರಿ ಪ್ರತಿ ವರ್ಷ ಅತಿ ಕಡಿಮೆ ಅಲುಗುವ ಮನೆಗೆ 'ನಿಶ್ಚಲ ಮನೆ' ಎಂಬ ಹಿತ್ತಾಳೆ ಫಲಕ ಕೊಡುತ್ತದೆ. ಅವರ ಬಾಗಿಲ ಮೇಲೆ ಅಂಥವು ಹದಿನಾಲ್ಕಿದ್ದವು.

ಅವರ ಹೆಂಡತಿ ಕೋಮಲಾ ಹೊರಗಿನ ಊರಿನವಳು. ತವರಿನ ನಡುಮನೆಯಲ್ಲಿ ಉಯ್ಯಾಲೆ ಇತ್ತಂತೆ, ಅಕ್ಕ ತಂಗಿ ಇಬ್ಬರೂ ಅದರ ಮೇಲೇ ಬೆಳೆದವರು. ಮದುವೆಯಾಗಿ ಬಂದ ಮೊದಲ ವಾರ ಇಲ್ಲೂ ಒಂದು ಉಯ್ಯಾಲೆ ಹಾಕಿಸಿ ಎಂದು ಕೇಳಿದ್ದಳು. "ಉಯ್ಯಾಲೆ ದಿನಕ್ಕೆ ಏಳು ನಿಮಿಷ ತಿನ್ನತ್ತೆ," ಎಂದು ಚಂದ್ರಮೌಳಿ ಹೇಳಿದ್ದರು. ಅವಳು ಮತ್ತೆ ಕೇಳಲಿಲ್ಲ. ಬಂದ ಹೊಸತರಲ್ಲಿ ಅವಳಿಗೆ ಬೇಸರ ಕಳೆಯಲೆಂದು ನಮ್ಮೂರಿನ ಹುಡುಗಿಯರ ಒಂದು ಆಟವನ್ನು ನಾನೇ ಕಲಿಸಿದೆ. ಕೂತ ಜಾಗದಿಂದ ಎಷ್ಟು ನಿಧಾನವಾಗಿ ಏಳಬೇಕೆಂದರೆ ನಾವು ಎದ್ದದ್ದು ಆ ಜಾಗಕ್ಕೆ ಗೊತ್ತಾಗಬಾರದು. ಗಿಡ ಬೆಳೆಯುವ ಹಾಗೆ ಏಳಬೇಕು. ಸರಿಯಾಗಿ ಎದ್ದರೆ ನಾವು ಆಚೆ ನಿಂತಿರುತ್ತೇವೆ, ಮಣೆಯ ಮೇಲೆ ನಮ್ಮ ನೋಟ ಕೂತೇ ಇರುತ್ತದೆ. ಚಿಕ್ಕಂದಿನಲ್ಲಿ ಅದರಲ್ಲಿ ನನ್ನನ್ನು ಸೋಲಿಸುವವರಿರಲಿಲ್ಲ. ಕೋಮಲಾ ಒಂದೇ ಬೇಸಿಗೆಯಲ್ಲಿ ಸೋಲಿಸಿದಳು.

ಒಂದು ಸೋಮವಾರ ಮಧ್ಯಾಹ್ನ ಅವಳು ಬಟ್ಟೆಯ ಚೀಲ ಹಿಡಿದು ನನ್ನ ಹಿತ್ತಲ ಬಾಗಿಲಿಗೆ ಬಂದಳು. ತೊಡೆ ನಡುಗುತ್ತಿತ್ತು. ಒಳಗೆ ಕರೆದು ಕೂರಿಸಿ ನೀರು ಕೊಟ್ಟೆ.

"ಎದ್ದು ಬಂದ್ಬಿಟ್ಟೆ ವನಮಾಲಕ್ಕ," ಎಂದಳು. "ಒಂದು ಗಂಟೆ ಇಪ್ಪತ್ತು ನಿಮಿಷ ಹಿಡೀತು. ಈ ವಯಸ್ಸಲ್ಲಿ ಆಗತ್ತೆ ಅಂತ ನಾನೇ ಅಂದ್ಕೊಂಡಿರ್ಲಿಲ್ಲ. ಇವ್ರು ಎದುರಿಗೇ ಕೂತು ತೂಕಡಿಸ್ತಿದ್ರು. ಕುರ್ಚೀಲಿ ಇನ್ನೂ ನಾನೇ ಕೂತಿದೀನಿ, ಹುರುಳಿಕಾಯಿ ನಾರು ತೆಗೀತಾ."

"ಏನಾಯ್ತೇ ಅಂಥದ್ದು?"

"ಅಕ್ಕನ ಕಾಗದ ಬಂದು ನಾಲ್ಕು ದಿನ ಆಯ್ತು. ಹಾಸಿಗೆ ಬಿಟ್ಟು ಏಳೋಕಾಗ್ತಿಲ್ಲವಂತೆ, ಬಂದು ಜೊತೆಗಿರ್ತೀಯಾ ಅಂತ ಕೇಳಿದಾಳೆ. ಇವ್ರ ಎದುರಿಗೇ ಕೂತು ಓದಿದೆ. ಅಲುಗದೆ ಕೂತೇ ಅತ್ತೆ. ಕಣ್ಣು ಒರೆಸ್ಕೊಂಡಿದ್ರೆ ಕಾಣ್ತಿತ್ತು, ಬೇಕೂಂತ್ಲೇ ಒರೆಸ್ಕೊಳ್ಳಲಿಲ್ಲ. ಒಂದೇ ಒಂದು ಸಲ ಈ ಕಡೆ ಕೈ ಬೀಸಿ ನೋಡ್ತಾರೇನೋ ಅಂತ ಕಾದೆ. ಎಲ್ಲಿ? ಬೆಳಕು ಖರ್ಚಾಗತ್ತಲ್ಲ!"

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲ."

"ನಲವತ್ತು ವರ್ಷ ಬಾಯಿ ಬಿಟ್ಟು ಹೇಳಿದೀನಿ ಅಕ್ಕ. ಒಂದು ಸಲ ಅವರಾಗೇ ನೋಡ್ಲಿ."

ನಮ್ಮೂರಿಗೆ ಬಸ್ಸು ಗುರುವಾರ ಮಾತ್ರ. ಅಷ್ಟು ದಿನ ನನ್ನ ಒಳಕೋಣೆಯಲ್ಲಿರುತ್ತೇನೆ ಎಂದಳು. ಅಷ್ಟರೊಳಗೆ ಅವರಾಗಿಯೇ ಕುರ್ಚಿಯ ಮುಂದೆ ಬೀಸಿ ನೋಡಿದರೆ ಸರಿ. ನೋಡದಿದ್ದರೆ ಅಕ್ಕನ ಊರಿಗೆ ಹೋದವಳು ಅಲ್ಲೇ ಉಳಿಯುತ್ತಾಳೆ, ತಿರುಗಿ ಬರುವುದಿಲ್ಲ. "ನೀವು ಮಾತ್ರ ನನ್ನ ಕುರ್ಚಿಗೆ ಬೀಸ್ಬೇಡಿ. ಅವ್ರಿಗೆ ಹೇಳ್ಲೂಬೇಡಿ. ನನ್ನಾಣೆ," ಎಂದು ನನ್ನ ಕೈ ಹಿಡಿದುಕೊಂಡಳು. ಎಪ್ಪತ್ತು ದಾಟಿದವರು ಇಂಥ ಮಾತು ಕೊಡಬಾರದು. ಕೊಟ್ಟೆ.

ಸಂಜೆ ಬೀಸಣಿಗೆ ಹಿಡಿದು ಹೋದಾಗ ಚಂದ್ರಮೌಳಿ ತಮ್ಮ ಕುರ್ಚಿಯಲ್ಲಿದ್ದರು. ಎದುರಿನ ಕುರ್ಚಿಯಲ್ಲಿ ಕೋಮಲಾ, ತೊಡೆಯ ಮೇಲೆ ಮೊರ, ತಲೆ ಸ್ವಲ್ಪ ಬಾಗಿದೆ. ನಾನು ಅವರ ಮುಂದೆ ಬೀಸಿದೆ, ಹೊಸ್ತಿಲಲ್ಲಿ ಬೀಸಿದೆ, ಆ ಕುರ್ಚಿಯನ್ನು ಬಿಟ್ಟು ಬಂದೆ. "ಅವ್ರು ಬೀಸಿ ನೋಡಿದ್ರಾ?" ಎಂದು ಮನೆಗೆ ಬಂದ ಕೂಡಲೇ ಕೋಮಲಾ ಕೇಳಿದಳು. ಇಲ್ಲ ಎಂದೆ.

ಮಂಗಳವಾರ ಬೆಳಿಗ್ಗೆ ಹೋದಾಗ ಆ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕಾಫಿಯ ಲೋಟ ಇತ್ತು. ಅವರೇ ಮಾಡಿ ಇಟ್ಟದ್ದು. ಸ್ಟೂಲಿನಷ್ಟು ಜಾಗ ಹೊಸದಾಗಿತ್ತು, ಅದರ ಪಕ್ಕದಲ್ಲಿ ಕೋಮಲಾ ನಿನ್ನೆಯ ಮಧ್ಯಾಹ್ನದಲ್ಲೇ ಇದ್ದಳು. ಮಧ್ಯಾಹ್ನದ ಸುತ್ತಿಗೆ ಹೋದರೆ ಆ ಲೋಟ ಹೋಗಿ ಉಪ್ಪಿಟ್ಟಿನ ತಟ್ಟೆ ಬಂದಿತ್ತು. "ಸ್ವಲ್ಪ ಉಪ್ಪು ಮುಂದಾಯ್ತು ಕಣೇ," ಎಂದು ಕುರ್ಚಿಯ ಕಡೆಗೆ ಹೇಳುತ್ತಿದ್ದರು. ನನ್ನನ್ನು ಕಂಡು, "ಮೌನವ್ರತ ಹಿಡಿದಿದಾಳೆ," ಎಂದರು.

ಇದನ್ನು ಹೇಳಿದಾಗ ಕೋಮಲಾಗೆ ನಗು ಬಂತು, ಆಮೇಲೆ ಕೋಪ ಬಂತು. "ಎರಡು ದಿನದಿಂದ ಕುರ್ಚಿ ಜೊತೆ ಮಾತಾಡ್ತಿದಾರೆ ಮಹಾನುಭಾವ! ಮೇಲಾಗಿ ನನ್ನ ಜೊತೆ ಆಡಿದ್ದಕ್ಕಿಂತ ಜಾಸ್ತಿ ಆಡ್ತಿದಾರೆ. ಆ ಕುರ್ಚೀನೇ ಸಂಸಾರ ಮಾಡ್ಕೊಂಡಿರ್ಲಿ." ಅಂದು ರಾತ್ರಿ ಅವಳು ಊಟ ಸರಿಯಾಗಿ ಮಾಡಲಿಲ್ಲ. ಬುಧವಾರ ಮೂರು ಸಲವೂ ನಾನು ಹಿಂತಿರುಗುವಾಗ ಅವಳು ಬಾಗಿಲ ಹಿಂದೆಯೇ ನಿಂತಿದ್ದಳು. ಮೂರು ಸಲವೂ ಇಲ್ಲ ಎಂದೆ. ಮೂರನೆಯ ಸಲ ಅವಳು ಕೇಳಲೂ ಇಲ್ಲ, ನನ್ನ ಮುಖ ನೋಡಿ ಒಳಗೆ ಹೋದಳು.

ಗುರುವಾರ ಸಂತೆ. ಸಂತೆಯ ದಿನ ಬೆಳಕು ಬೇಗ ಇಳಿಯುತ್ತದೆ. ಊರಾಚೆಯ ಸೇತುವೆಯನ್ನು ಹಗಲಿನಲ್ಲೇ ದಾಟಬೇಕಾದ್ದರಿಂದ ಕೊಳವೆಯ ಮಟ್ಟ ಕೆಂಪು ಗೀರಿಗೆ ಬಂದ ಕೂಡಲೇ ಬಸ್ಸು ಹೊರಡುತ್ತದೆ. ಆ ದಿನ ಮಟ್ಟ ನಾಲ್ಕು ಗಂಟೆಗೆಲ್ಲ ಗೀರಿಗೆ ಬರಬಹುದು ಎಂದು ಲೆಕ್ಕವಿತ್ತು. ಮೂರು ಗಂಟೆಗೆ ಕೋಮಲಾ ನನ್ನ ಕಾಲಿಗೆ ನಮಸ್ಕಾರ ಮಾಡಿ, ಚೀಲ ಎತ್ತಿಕೊಂಡು ಹಿತ್ತಲ ದಾರಿಯಲ್ಲಿ ಹೋದಳು. ಆಮೇಲೆ ಸಂಜೆಯ ಸುತ್ತಿಗೆ ಮುಂಚೆಯೇ ಬೀಸಣಿಗೆ ತೆಗೆದುಕೊಂಡು ಹೊರಟೆ. ಯಾಕೆ ಮೊದಲು ಅವರ ಮನೆಗೇ ಹೋದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಚಂದ್ರಮೌಳಿ ನನ್ನ ಕೈಯನ್ನೇ ನೋಡುತ್ತಿದ್ದರು. "ಅಲ್ಲಿ ಬೀಸ್ಬೇಡಿ ವನಮಾಲಮ್ಮ," ಎಂದರು.

ನಾನು ಕೈ ಎತ್ತಿರಲೇ ಇಲ್ಲ.

"ನೀವು ಸೋಮವಾರದಿಂದ ಬೀಸಿಲ್ಲ. ನಾನು ನೋಡಿದೀನಿ. ದೊಡ್ಡ ಉಪಕಾರ ಆಯ್ತು. ಅವಳಿಲ್ಲ ಅಲ್ಲಿ."

"ಯಾವಾಗ ಗೊತ್ತಾಯ್ತು ನಿಮಗೆ?"

"ಸೋಮವಾರ ನಿದ್ದೆಯಿಂದ ಕಣ್ಣು ಬಿಟ್ಟ ತಕ್ಷಣ. ಕೂತಾಗ ಅವಳ ಮೂಗು ಸಣ್ಣಗೆ ಸಿಳ್ಳೆ ಹಾಕತ್ತೆ. ಅವಳಿಗೇ ಗೊತ್ತಿಲ್ಲ ಅದು, ನಾನು ಹೇಳಿಲ್ಲ. ಕಣ್ಣು ಬಿಟ್ರೆ ಎದುರಿಗೇ ಇದಾಳೆ, ಸಿಳ್ಳೆ ಇಲ್ಲ."

"ಮತ್ತೆ ಬೀಸಿ ನೋಡಬಾರದಿತ್ತೇ?"

"ಬೀಸಿದ್ರೆ ಹೋಗ್ಬಿಡ್ತಾಳಲ್ಲಮ್ಮ," ಎಂದರು. ಅದನ್ನು ಅವರು ಕೊಳವೆಯ ಮಟ್ಟ ಓದಿ ಹೇಳುವ ಧ್ವನಿಯಲ್ಲೇ ಹೇಳಿದರು. "ನಿನ್ನೆ ಉಯ್ಯಾಲೆ ಹಾಕ್ಸೋಣ ಅಂತ ಹೇಳ್ದೆ. ಇದ್ದಾಗ ಹೇಳಿದ್ರೆ ನಗ್ತಿದ್ಳು."

ಅವಳು ಎದ್ದುಹೋದದ್ದು ಅವರಿಗೆ ಗೊತ್ತಾಗಿಲ್ಲ ಎಂದುಕೊಂಡು ನಾನು ಮಾತು ಕೊಟ್ಟಿದ್ದೆ. ಗೊತ್ತಿದ್ದವರಿಗೆ ಹೇಳಿದರೆ ಮಾತು ತಪ್ಪಿದಂತಾಗುವುದಿಲ್ಲ ಎಂದು ಆ ಕ್ಷಣಕ್ಕೆ ತೋರಿತು. "ಇಷ್ಟು ದಿನ ನನ್ನ ಮನೇಲಿದ್ದಳು. ಬಸ್ ಸ್ಟ್ಯಾಂಡಿಗೆ ಹೋದಳು. ಬಸ್ಸು ಇನ್ನೂ ಹೊರಟಿಲ್ಲ," ಎಂದು ಬೀಸಣಿಗೆಯನ್ನು ಅವರ ಮುಂದೆ ಹಿಡಿದೆ. "ನಾನು ಬೀಸೋ ಹಾಗಿಲ್ಲ. ನೀವೇ ಬೀಸಿ."

ಅವರು ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ಎದ್ದು ನಿಂತು ಒಂದು ಸಲ ಬೀಸಿದರು. ಕೋಮಲಾ ಮಿಣುಕಿ ಹೋದಳು. ಕುರ್ಚಿಯ ಮೇಲೆ ಮೊರ, ಮೊರದಲ್ಲಿ ಬಾಡಿದ ಹುರುಳಿಕಾಯಿ, ಅದರ ಮೇಲೆ ಮಡಚಿಟ್ಟ ಒಂದು ಕಾಗದ. ಅಕ್ಕ ಬರೆದದ್ದೇ. ಅದರ ಹಿಂಬದಿಯಲ್ಲಿ ಕೋಮಲಾಳ ದುಂಡಗಿನ ಅಕ್ಷರ: 'ಗುರುವಾರದ ಬಸ್ಸಿಗೆ ಹೋಗುತ್ತಿದ್ದೇನೆ. ಎರಡು ಸೀಟು ಹೇಳಿದ್ದೇನೆ. ನೀವೂ ಬರುತ್ತೀರಾ?'

ಇದನ್ನು ಅವಳು ನನಗೂ ಹೇಳಿರಲಿಲ್ಲ. ಮೂರು ದಿನ ಆ ಕಾಗದ ನಮ್ಮಿಬ್ಬರ ಕಣ್ಣೆದುರಿಗೇ ಇತ್ತು. ಅವರು ಹೆದರಿ ಬೀಸಲಿಲ್ಲ, ನಾನು ಮಾತಿಗೆ ಕಟ್ಟುಬಿದ್ದು ಬೀಸಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಬಿಟ್ಟ ಕುರ್ಚಿ ಅದೊಂದೇ.

ಚಂದ್ರಮೌಳಿ ಓಡಿದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಹಳೆಯ ಚಪ್ಪಲಿ. ಎಪ್ಪತ್ತೊಂದು ವರ್ಷದ ಮೊಣಕಾಲು. ನಾನು ಹಿಂದಿನಿಂದ ನಡೆದಷ್ಟು ನಡೆದೆ. ಬೀದಿಯ ಕೊನೆಯಲ್ಲೇ ಚೌಕ, ಚೌಕದ ಆಚೆ ಉದ್ದಕ್ಕೂ ಸಂತೆ, ಸಂತೆಯ ಇನ್ನೊಂದು ತುದಿಯಲ್ಲಿ ಬಸ್ಸು. ಕೊಳವೆಯಲ್ಲಿ ಮಟ್ಟ ಕೆಂಪು ಗೀರಿನಿಂದ ಎರಡು ಬೆರಳು ಮೇಲಿತ್ತು. ಅವರು ಒಂದೊಂದು ಹೆಜ್ಜೆ ಇಟ್ಟಾಗಲೂ ಅದು ಇಳಿಯುತ್ತಿತ್ತು. ಅದು ಅವರಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಹೋಟೆಲಿನ ಮುಂದೆ ಬಜ್ಜಿ ಕರಿಯುತ್ತಿದ್ದ ಮರಿಸ್ವಾಮಿ ಮೊದಲು ಕಂಡ. ಇಷ್ಟು ವರ್ಷ ಕಾದಿಟ್ಟುಕೊಂಡಿದ್ದ ಮಾತು ಅವನ ಬಾಯಿಗೆ ಬಂತು. "ಏನ್ ಯಜಮಾನ್ರೇ, ನೀವೂ ಓಡ್ತೀರಾ! ಬೆಳಕೇನು ನಿಮ್ಮಪ್ಪನ ಮನೇದಾ?"

ಚಂದ್ರಮೌಳಿ ಅವನ ಕಡೆ ತಿರುಗಲಿಲ್ಲ. ನಾನು ಏದುಸಿರಿನಲ್ಲಿ, "ಕೋಮಲಾ ಬಸ್ಸಲ್ಲಿದಾಳಪ್ಪ," ಎಂದಷ್ಟೇ ಹೇಳಿದೆ.

ಮರಿಸ್ವಾಮಿ ಓಡುತ್ತಿರುವವರನ್ನು ನೋಡಿದ, ಕೊಳವೆಯನ್ನು ನೋಡಿದ, ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿದ. ಆಮೇಲೆ ಸಂತೆಯ ಆ ತುದಿಗೂ ಕೇಳುವಂತೆ ಕೂಗಿದ. "ಏಯ್, ಎಲ್ರೂ ನಿಂತ್ಕೊಳ್ರೋ! ಯಜಮಾನ್ರು ಬಸ್ಸಿಗೆ ಹೋಗ್ಬೇಕು! ಯಾರೂ ಅಲುಗ್ಬೇಡಿ!"

ಸಂತೆ ನಿಂತಿತು. ತಕ್ಕಡಿ ಎತ್ತಿದವಳು ಎತ್ತಿದಂತೆ, ಟೊಮೆಟೊ ಹಿಸುಕಿ ನೋಡುತ್ತಿದ್ದವಳು ಹಿಸುಕಿದಂತೆ, ಬಳೆಯ ಅಂಗಡಿಯಲ್ಲಿ ಕೈ ಕೊಟ್ಟವಳು ಅರ್ಧ ಏರಿದ ಬಳೆಯೊಂದಿಗೆ. ಚಂದ್ರಮೌಳಿಯ ಕೈಯಲ್ಲಿ ಒಂದಲ್ಲ ಒಂದು ದಿನ ಬೈಸಿಕೊಳ್ಳದವರು ಆ ಸಂತೆಯಲ್ಲಿ ಒಬ್ಬರೂ ಇರಲಿಲ್ಲ. ಮರಿಸ್ವಾಮಿಯ ಬಾಣಲೆಯಲ್ಲಿ ಬಜ್ಜಿ ಹೊಂಬಣ್ಣದಲ್ಲೇ ಕಾಣುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಷಫಿ ಸಾಹೇಬರು ಬಾಯಿಗೆ ಸೀಟಿ ಇಟ್ಟುಕೊಂಡು ಊದದೆ ನಿಂತರು. ಇಡೀ ಊರಿನಲ್ಲಿ ಅಲುಗುತ್ತಿದ್ದದ್ದು ಚಂದ್ರಮೌಳಿ ಒಬ್ಬರೇ. ಅವರ ಸುತ್ತ ಒಂದು ಮಾರಿನಷ್ಟು ಜಾಗ ಮಾತ್ರ ಮಿಣುಕುತ್ತಾ, ನಿಂತ ಸಂತೆಯ ನಡುವೆ ಸರಿದುಹೋಯಿತು. ನಾನು ಕೊಳವೆಯ ಪಕ್ಕದಲ್ಲಿ ಬೀಸಣಿಗೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಮಟ್ಟ ಇಳಿಯುವುದು ನಿಧಾನವಾಯಿತು.

ಅವರು ಬಸ್ಸಿನ ಹತ್ತಿರ ಹೋಗಿ ನಿಂತರು. ನಾಲ್ಕನೆಯ ಕಿಟಕಿಯಲ್ಲಿ ಕೋಮಲಾ ಕೂತಿದ್ದಳು, ತಲೆ ಸ್ವಲ್ಪ ಬಾಗಿತ್ತು. ಮನೆಯ ಕುರ್ಚಿಯಲ್ಲಿ ಮೂರು ದಿನ ಇದ್ದ ಹಾಗೆಯೇ. ಅವಳೂ ಅಲುಗುತ್ತಿರಲಿಲ್ಲ. ಮರಿಸ್ವಾಮಿಯ ಕೂಗು ಕೇಳಿ ಎಲ್ಲರಂತೆ ನಿಂತಿದ್ದಳೋ, ನೋಟವನ್ನು ಅಲ್ಲಿ ಬಿಟ್ಟು ಎದ್ದುಹೋಗಿದ್ದಳೋ, ದೂರದಿಂದ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಾರದು. ಕಿಟಕಿಯ ಗಾಜು ಮುಚ್ಚಿತ್ತು, ಮೂಗಿನ ಸಿಳ್ಳೆ ಹೊರಗೆ ಕೇಳುವಂತಿರಲಿಲ್ಲ. ಅವರು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ, ಅವರೂ ಚಿತ್ರವಾಗಿಬಿಟ್ಟರೇನೋ ಅನ್ನಿಸಿತು.

ಆಮೇಲೆ ಬೀಸಿದರು. ಒಂದು ಸಲ ಅಲ್ಲ. ಮಳೆಗೆ ಸಿಕ್ಕಿದವರು ಲಾರಿ ನಿಲ್ಲಿಸಲು ಬೀಸುವ ಹಾಗೆ, ಎರಡೂ ಕೈಗಳಿಂದ, ಬೆಳಕಿನ ಲೆಕ್ಕವಿಲ್ಲದೆ ಬೀಸಿದರು. ಕಿಟಕಿ ಮಿಣುಕಿತು. ಮಿಣುಕಿದ ಮೇಲೂ ಕೋಮಲಾ ಅಲ್ಲಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಕಿಟಕಿಯ ಕಡೆಗೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

ಷಫಿ ಸಾಹೇಬರು ಸೀಟಿ ಊದಿದಾಗ ಮಟ್ಟ ಕೆಂಪು ಗೀರಿನ ಕೆಳಗಿತ್ತು. ಬಸ್ಸು ಸೇತುವೆ ದಾಟುವವರೆಗೆ ಸಂತೆಯಲ್ಲಿ ಯಾರೂ ಅಲುಗಲಿಲ್ಲ. ಅಷ್ಟಾದ ಮೇಲೆ ಮರಿಸ್ವಾಮಿ ಸೌಟು ತೆಗೆದುಕೊಂಡ, ಬಾಣಲೆ ಮಿಣುಕಿ ಕಪ್ಪು ಬಜ್ಜಿ ಕಾಣಿಸಿತು. "ಅಯ್ಯೋ ನನ್ನ ಕರ್ಮವೇ," ಎಂದ. ಎಲ್ಲರೂ ದೀಪ ಹಚ್ಚಿಕೊಂಡರು.

ಮುಂದಿನ ನಾಲ್ಕು ತಿಂಗಳು ನಾನು ದಿನಕ್ಕೆ ಮೂರು ಸಲ ಆ ಮನೆಗೆ ಹೋಗಿ ಎರಡು ಖಾಲಿ ಕುರ್ಚಿಗಳ ಮುಂದೆ ಬೀಸಿ ಬರುತ್ತಿದ್ದೆ. ಅಕ್ಕ ಉಳಿಯಲಿಲ್ಲ ಎಂದು ಕಾಗದ ಬಂತು. ಕೊನೆಯವರೆಗೂ ತಂಗಿ ಪಕ್ಕದಲ್ಲಿದ್ದಳಂತೆ, ಚಂದ್ರಮೌಳಿ ಗಂಜಿ ಮಾಡಲು ಕಲಿತರಂತೆ, ಉಪ್ಪು ಮಾತ್ರ ಇನ್ನೂ ಮುಂದಾಗುತ್ತದಂತೆ. ಯುಗಾದಿಗೆ ಕಚೇರಿಯವರು ಆ ವರ್ಷದ 'ನಿಶ್ಚಲ ಮನೆ' ಫಲಕವನ್ನು ಅವರ ಮನೆಗೇ ಕೊಟ್ಟರು. ಬೀಗ ಹಾಕಿದ ಮನೆಯಷ್ಟು ಕಡಿಮೆ ಅಲುಗಿದ ಮನೆ ಬೇರೆ ಇರಲಿಲ್ಲ. ನಾನೇ ಪಡೆದುಕೊಂಡು ಬಂದು ಒಳಗಿಟ್ಟೆ.

ಯುಗಾದಿ ಕಳೆದ ಗುರುವಾರ ಅವರಿಬ್ಬರೂ ಬಸ್ಸಿಳಿದರು. ಬಸ್ಸಿನ ಮೇಲಿನಿಂದ ಷಫಿ ಸಾಹೇಬರು ಒಂದು ಹಳೆಯ ಹಲಗೆ, ನಾಲ್ಕು ಹಿತ್ತಾಳೆ ಸರಪಳಿ ಇಳಿಸಿದರು. ಈಗ ನಮ್ಮೂರಿನಲ್ಲಿ ಸಂಜೆ ಏಳು ನಿಮಿಷ ಮುಂಚೆ ಆಗುತ್ತದೆ. ಕಚೇರಿಯ ಹೊಸ ಗುಮಾಸ್ತ ಅದನ್ನು ದಿನವೂ ಬರೆದುಕೊಳ್ಳುತ್ತಾನೆ. ಯಾರೂ ದೂರು ಕೊಟ್ಟಿಲ್ಲ.